ಪಡುವಣ ತೀರದ ಓದಿನ ರುಚಿ

ಓದುಗನೊಬ್ಬ ತನಗೆ ಹಿಡಿಸಿದ್ದನ್ನು ಹೆಕ್ಕಿ, ವಿಷಯವಾರು ಜೋಡಿಸಿಟ್ಟ ಪುಸ್ತಕ ಉತ್ತರ ಕನ್ನಡದ ಕರಾವಳಿಯಲ್ಲಿ 16ನೇ ಶತಮಾನದಲ್ಲೇ ಹುಟ್ಟಿತ್ತು. ಶರಾವತಿ ದಂಡೆಯ ಗೇರುಸೊಪ್ಪೆಯ ಅಭಿನವವಾದಿ ವಿದ್ಯಾನಂದ ಸಂಕಲಿಸಿದ ‘ಕಾವ್ಯಸಾರ’ವೇ ಆ ಪುಸ್ತಕ. ಹಿಂದಿನ ಕವಿಗಳ ಪದ್ಯಗಳನ್ನು ಆಯ್ದು, ಬೇರೆ ಬೇರೆ ತಲೆಬರಹಗಳ ಕೆಳಗೆ ಇಟ್ಟ ಸಂಗ್ರಹ ಅದು. 13ನೇ ಶತಮಾನದ ಮಲ್ಲಿಕಾರ್ಜುನನ ‘ಸೂಕ್ತಿಸುಧಾರ್ಣವ’ ಹಾಕಿಕೊಟ್ಟ ದಾರಿಯಲ್ಲೇ ನಡೆದ ಕೃತಿ. ಯಾವ ಕವಿಯ ಯಾವ ಪದ್ಯ ಉಳಿಯಬೇಕು, ಯಾವುದರ ಪಕ್ಕ ಯಾವುದನ್ನು ಇಡಬೇಕು ಎಂಬ ತೀರ್ಮಾನವೆಲ್ಲ ಸಂಕಲನಕಾರನದು. ಒಬ್ಬನ ಓದಿನ ಅಭಿರುಚಿಗೆ ಇದಕ್ಕಿಂತ ನೇರವಾದ ದಾಖಲೆ ಸಿಗುವುದು ಕಷ್ಟ. ಅದೇ ಕಾಲದಲ್ಲಿ ಅದೇ ಸೀಮೆಯ ಸಾಳ್ವ ಕವಿ ಜೈನ ಭಾರತವನ್ನು ಷಟ್ಪದಿಯಲ್ಲಿ ಹೇಳಿದ. ‘ರಸರತ್ನಾಕರ’ದಲ್ಲಿ ಕಾವ್ಯದ ರಸಗಳನ್ನು ವಿಂಗಡಿಸಿದ. ಭಟ್ಕಳ ತಾಲ್ಲೂಕಿನ ಹಾಡುವಳ್ಳಿಯ ಪರಂಪರೆಗೆ ಸೇರಿದ ಭಟ್ಟಾಕಳಂಕ 1604ರಲ್ಲಿ ‘ಕರ್ಣಾಟಕ ಶಬ್ದಾನುಶಾಸನ’ ಬರೆದ. ಅದರ 592 ಸೂತ್ರಗಳಿರುವುದು ಸಂಸ್ಕೃತದಲ್ಲಿ. ಉದಾಹರಣೆಗಳನ್ನು ತಂದಿರುವುದು ಹಳೆಯ ಕನ್ನಡ ಕಾವ್ಯಗಳಿಂದ. ವ್ಯಾಕರಣಕಾರನ ಕಪಾಟಿನಲ್ಲಿ ಏನೇನಿತ್ತು ಎಂಬುದನ್ನು ಆ ಉದಾಹರಣೆಗಳೇ ಹೇಳುತ್ತವೆ.

ಓದಿನ ಅಭಿರುಚಿಯನ್ನು ಒಬ್ಬೊಬ್ಬರ ಸ್ವಂತ ಸ್ವಭಾವ ಎಂದು ತಿಳಿಯುವುದೇ ರೂಢಿ. ಒಬ್ಬರಿಗೆ ಪತ್ತೇದಾರಿ, ಇನ್ನೊಬ್ಬರಿಗೆ ಪುರಾಣ, ಮತ್ತೊಬ್ಬರಿಗೆ ಕವಿತೆ. ಸ್ವಭಾವದ ಪಾಲು ಇಲ್ಲವೆಂದಲ್ಲ. ಆದರೆ ಕುಮಟಾ, ಹೊನ್ನಾವರ, ಭಟ್ಕಳದ ಓದುಗರನ್ನು ಗಮನಿಸಿದರೆ ಇನ್ನೆರಡು ಸಂಗತಿಗಳು ಅಷ್ಟೇ ಬಲವಾಗಿ ಕೆಲಸ ಮಾಡಿರುವುದು ಕಾಣುತ್ತದೆ. ಓದಲು ಕಲಿಯುವ ಮೊದಲು ಕಿವಿಗೆ ಏನು ಬಿತ್ತು ಎಂಬುದು ಒಂದು. ಪುಸ್ತಕ ಯಾವ ದಾರಿಯಿಂದ ಊರಿಗೆ ಬಂತು ಎಂಬುದು ಇನ್ನೊಂದು.

ಕುಮಟಾ ಪೇಟೆಯ ಸಮೀಪ ಕಡಲ ಮಗ್ಗುಲಿಗಿರುವ ಹೊಳನಗದ್ದೆಯಂಥ ಊರಿನಲ್ಲಿ ಕತೆಯ ರುಚಿ ಮೊದಲು ಹತ್ತುವುದು ಕಿವಿಗೆ. ಭತ್ತದ ಕೊಯ್ಲು ಮುಗಿದ ಗದ್ದೆಯಲ್ಲಿ ಚಪ್ಪರ ಎದ್ದು ಬಡಗುತಿಟ್ಟಿನ ಯಕ್ಷಗಾನದ ಆಟ ಶುರುವಾದರೆ ರಾತ್ರಿಯಿಡೀ ಚಂಡೆಯ ಸದ್ದು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳ ಹೊನ್ನಾವರ ತಾಲ್ಲೂಕಿನ ಗುಣವಂತೆಯದು. ಅವರ ಮಗ ಶಂಭು ಹೆಗಡೆ ಅದನ್ನು ದೇಶವಿದೇಶಗಳ ರಂಗಕ್ಕೆ ಒಯ್ದರು. 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರೂ ಇದೇ ತಾಲ್ಲೂಕಿನವರು. ಇಂಥ ನೆಲದಲ್ಲಿ ಅಕ್ಷರ ತಿಳಿಯದ ಅಜ್ಜಿಗೂ ಭೀಷ್ಮ, ಕರ್ಣ, ಕೀಚಕ, ಭಸ್ಮಾಸುರ ಪರಿಚಿತರು. ಮೊಮ್ಮಗು ಮುಂದೆ ಮಹಾಭಾರತದ ಪುಸ್ತಕ ಕೈಗೆತ್ತಿಕೊಂಡಾಗ ಕತೆ ಹೊಸದಾಗಿರುವುದಿಲ್ಲ. ಈ ಕವಿ ಅದನ್ನು ಹೇಗೆ ಹೇಳಿದ್ದಾನೆ ಎಂಬ ಕುತೂಹಲ ಮಾತ್ರ ಇರುತ್ತದೆ. ಮುಂದೇನಾಯಿತು ಎಂದು ಓದುವವರ ಓದೇ ಬೇರೆ. ಮುಂದೇನೆಂದು ಗೊತ್ತಿದ್ದೂ ಓದುವವರದೇ ಬೇರೆ. ಈ ಕರಾವಳಿಯಲ್ಲಿ ಎರಡನೆಯ ಬಗೆಯವರು ಬಹಳ.

ಆ ಬಗೆಯ ಓದಿಗೆ ಹೇಳಿ ಮಾಡಿಸಿದ ಪುಸ್ತಕವೆಂದರೆ ಅಚ್ಚಾದ ಯಕ್ಷಗಾನ ಪ್ರಸಂಗ. ನೋಡಲು ತೆಳ್ಳಗಿನ ಹೊತ್ತಗೆ. ಒಳಗೆ ಬರೀ ಪದ್ಯಗಳು. ಪ್ರತಿ ಪದ್ಯದ ತಲೆಯ ಮೇಲೆ ರಾಗ, ತಾಳದ ಹೆಸರು. ನಡುನಡುವೆ ಕಂದ, ಭಾಮಿನಿ, ವಾರ್ಧಕ, ದ್ವಿಪದಿ. ಮಾತು ಎಂಬುದು ಒಂದು ಸಾಲೂ ಇರುವುದಿಲ್ಲ. ಭಾಗವತ ಪದ್ಯ ಹಾಡಿ ನಿಲ್ಲಿಸಿದ ಮೇಲೆ ಅರ್ಥವನ್ನು ವೇಷಧಾರಿಯೇ ಆ ಕ್ಷಣಕ್ಕೆ ಹೇಳಬೇಕು. ಪುಸ್ತಕದ ಅರ್ಧ ಭಾಗ ಹೀಗೆ ಅಚ್ಚಾಗದೆ ಉಳಿದಿರುತ್ತದೆ, ಅದನ್ನು ತುಂಬುವ ಹೊಣೆ ಓದುವವನದು. ನಾಲ್ಕು ಸಾಲಿನ ಒಂದು ಪದ್ಯಕ್ಕೆ ಅರ್ಧ ಗಂಟೆ ಅರ್ಥ ಹೇಳುವವರಿದ್ದಾರೆ. ಕೈಯಲ್ಲಿ ಸರಕಿಲ್ಲದೆ ಅಷ್ಟು ಹೊತ್ತು ನಿಲ್ಲಲಾಗದು.

ಅದರಲ್ಲೂ ವೇಷ, ಕುಣಿತ ಯಾವುದೂ ಇಲ್ಲದ ತಾಳಮದ್ದಳೆಯಲ್ಲಿ ನಡೆಯುವುದು ಪೂರ್ತಿ ಮಾತಿನ ಮೇಲೆ. ‘ಕೃಷ್ಣಸಂಧಾನ’ದ ಕೃಷ್ಣ, ‘ಕರ್ಣಪರ್ವ’ದ ಶಲ್ಯ, ‘ವಾಲಿವಧೆ’ಯ ವಾಲಿ – ಪಾತ್ರ ಯಾವುದೇ ಇರಲಿ, ಎದುರಿನ ಅರ್ಥಧಾರಿ ಯಾವ ಪ್ರಶ್ನೆ ಎಸೆಯುತ್ತಾನೆ ಎಂದು ಮೊದಲೇ ಗೊತ್ತಿರುವುದಿಲ್ಲ. ಹಾಗಾಗಿ ಹವ್ಯಾಸಿ ಅರ್ಥಧಾರಿಯ ಓದು ಬೇರೆಯವರ ಓದಿಗಿಂತ ಭಿನ್ನ. ಆತ ಕುಮಾರವ್ಯಾಸನ ಉದ್ಯೋಗಪರ್ವವನ್ನು ಓದುತ್ತಾನೆ, ಲಕ್ಷ್ಮೀಶನ ಜೈಮಿನಿಯನ್ನು ಬಾಯಿಪಾಠ ಮಾಡುತ್ತಾನೆ, ಮೂಲದಲ್ಲಿ ಏನಿದೆ ಎಂದು ತಿಳಿಯಲು ಎ.ಆರ್. ಕೃಷ್ಣಶಾಸ್ತ್ರಿಗಳ ‘ವಚನಭಾರತ’ ತೆರೆಯುತ್ತಾನೆ. ಎಸ್.ಎಲ್. ಭೈರಪ್ಪನವರ ‘ಪರ್ವ’ 1979ರಲ್ಲಿ ಬಂದ ಮೇಲೆ ಅದೂ ಈ ಸಾಲಿಗೆ ಸೇರಿತು. ಒಪ್ಪಲು ಕೆಲವರು ಓದಿದರು, ಅಲ್ಲಗಳೆಯಲು ಇನ್ನು ಕೆಲವರು. ಕಾವ್ಯ, ಪುರಾಣ, ಕಾದಂಬರಿ, ವಿಮರ್ಶೆ ಎಂಬ ಗಡಿಗಳು ಈ ಓದಿನಲ್ಲಿ ತಾವಾಗಿಯೇ ಅಳಿಸಿಹೋಗುತ್ತವೆ. ಸುಯೋಧನನ ಪರವಾಗಿ ನಾಳೆ ರಾತ್ರಿ ವಾದಿಸಬೇಕಾದವನಿಗೆ ಬೇಕಾದದ್ದು ವಾದ. ಅದು ಯಾವ ಪ್ರಕಾರದ ಪುಸ್ತಕದಲ್ಲಿ ಸಿಕ್ಕಿದರೂ ಸರಿ. ಧರ್ಮಸಂಕಟ, ಎದುರುಬದುರು ಮಾತು, ಯಾರ ಪಕ್ಷ ಸರಿ ಎಂಬ ಜಿಜ್ಞಾಸೆ ಇರುವ ಕಾದಂಬರಿಗಳು ಈ ಭಾಗದಲ್ಲಿ ಹೆಚ್ಚು ಕೈ ಬದಲಿಸುವುದಕ್ಕೆ ತಾಳಮದ್ದಳೆಯ ಈ ತರಬೇತಿಯೇ ಮುಖ್ಯ ಕಾರಣವೆನ್ನಬೇಕು.

ಕಿವಿಯಿಂದ ಬಂದ ಇನ್ನೊಂದು ಸಂಪತ್ತು ಪುಸ್ತಕವಾದದ್ದು ತಡವಾಗಿ. ಹಾಲಕ್ಕಿ ಒಕ್ಕಲಿಗರು, ಮುಕ್ರಿಗಳು, ಅಂಬಿಗರು, ನಾಮಧಾರಿಗಳು ಹಾಡಿಕೊಂಡು ಬಂದ ಕಥನಗೀತೆಗಳನ್ನು ಕುಮಟಾದ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಡಾ. ಎಲ್.ಆರ್. ಹೆಗಡೆ ಹಾಡುಗಾರ್ತಿಯರ ಎದುರು ಕೂತು ಬರೆದುಕೊಂಡರು. ‘ತಿಮ್ಮಕ್ಕನ ಪದಗಳು’, ‘ಗುಮಟೆಯ ಪದಗಳು’ ಹೀಗೆ ಅಚ್ಚಿಗೆ ಬಂದವು. ಹೊನ್ನಾವರದಲ್ಲಿ ಎನ್.ಆರ್. ನಾಯಕ ಮತ್ತು ಶಾಂತಿ ನಾಯಕ ದಂಪತಿ ಇದೇ ಕೆಲಸವನ್ನು ಜೀವನವಿಡೀ ನಡೆಸಿದರು. ತಮ್ಮ ಮನೆಯ ಹಾಡನ್ನೇ ಮುದ್ರಿತ ಪುಟದಲ್ಲಿ ಕಂಡ ಓದುಗ ಸಾಹಿತ್ಯವನ್ನು ದೂರದ ವಸ್ತುವೆಂದು ತಿಳಿಯುವುದಿಲ್ಲ. ಆ ಪುಸ್ತಕಗಳು ಇಂದು ಅಂಗಡಿಯಲ್ಲಿ ಸುಲಭವಾಗಿ ಸಿಗುವಂತಾಗಬೇಕಿತ್ತು.

ಇನ್ನು ಪುಸ್ತಕ ಬಂದ ದಾರಿ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಉತ್ತರ ಕನ್ನಡ ಮುಂಬಯಿ ಆಡಳಿತಕ್ಕೆ ಸೇರಿತ್ತು. ಅದಕ್ಕೇ ಇಲ್ಲಿನ ಓದು ತೆಂಕಣ ಮಂಗಳೂರಿಗಿಂತ ಘಟ್ಟದ ಮೇಲಿನ ಧಾರವಾಡ, ಹುಬ್ಬಳ್ಳಿಯ ಕಡೆ ಮುಖ ಮಾಡಿತ್ತು. ಧಾರವಾಡದಲ್ಲಿ ಜಿ.ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರಿಗೆ ಅಂಚೆಯಲ್ಲಿ ಪುಸ್ತಕ ಕಳಿಸುತ್ತಿತ್ತು. ಈ ಪದ್ಧತಿಯಲ್ಲಿ ಓದುಗ ತನಗೆ ಬೇಕಾದ್ದನ್ನು ಆರಿಸುವುದಿಲ್ಲ, ಬಂದದ್ದನ್ನು ಓದುತ್ತಾನೆ. ತಾನಾಗಿ ಎಂದೂ ಕೊಳ್ಳದಿದ್ದ ನಾಟಕವೋ ವಿಮರ್ಶೆಯೋ ಮನೆ ಬಾಗಿಲಿಗೆ ಬಂದು, ಹಣ ಕೊಟ್ಟಾಗಿದೆಯಲ್ಲ ಎಂದು ತೆರೆದು, ಆಮೇಲೆ ಅದರ ಗುಂಗು ಹಿಡಿದದ್ದುಂಟು. ರುಚಿ ಬೆಳೆಯುವ ಒಳ್ಳೆಯ ದಾರಿಗಳಲ್ಲಿ ಇದೊಂದು. ಇಂದಿನ ಓದುಗ ತನಗೆ ಆಗಲೇ ಇಷ್ಟವಾದದ್ದರ ತದ್ರೂಪವನ್ನೇ ಮತ್ತೆ ಮತ್ತೆ ಪಡೆಯುವ ಏರ್ಪಾಡಿನೊಳಗಿದ್ದಾನೆ. ಆ ಚಂದಾ ಪದ್ಧತಿ ಕೊಡುತ್ತಿದ್ದ ಅನಿರೀಕ್ಷಿತ ಈಗ ಅಪರೂಪ.

1921ರ ‘ಕರ್ಮವೀರ’, 1956ರಲ್ಲಿ ಹೊರಟ ‘ಕಸ್ತೂರಿ’ ಇವೂ ಅದೇ ಘಟ್ಟದ ದಾರಿಯಿಂದ ಇಳಿದವು. ಪಾ.ವೆಂ. ಆಚಾರ್ಯರ ಕೈಯಲ್ಲಿ ಪಳಗಿದ ‘ಕಸ್ತೂರಿ’ಯ ಕೊನೆಯಲ್ಲಿ ಒಂದು ಪುಸ್ತಕದ ಸಂಗ್ರಹ ಬರುತ್ತಿತ್ತು. ಪಟ್ಟಣದ ಮುಖ ಕಾಣದ ಓದುಗರಿಗೂ ಜಗತ್ತಿನ ಪುಸ್ತಕಗಳು ಅಲ್ಲಿ ಭೇಟಿಯಾದವು. ಕುಮಟಾದ ವಾರಪತ್ರಿಕೆ ‘ಕಾನಡಾ ವೃತ್ತ’, ದಿನಕರ ದೇಸಾಯಿಯವರ ‘ಜನಸೇವಕ’ ಜಿಲ್ಲೆಯೊಳಗಿನ ಬರಹಗಾರರಿಗೆ ನೆಲೆಯಾದವು. ದೇಸಾಯಿಯವರ ಚುಟುಕಗಳ ಮಾತು ಇಲ್ಲಿ ಬರಲೇಬೇಕು. ನಾಲ್ಕೇ ಸಾಲು, ಬಿಗಿಯಾದ ಪ್ರಾಸ, ಕೊನೆಯ ಸಾಲಿನಲ್ಲಿ ಚುರುಕು. ಪುಸ್ತಕ ಕೊಳ್ಳದವರ ಬಾಯಲ್ಲೂ ಅವು ನಿಂತವು. ಕವಿತೆಯೆಂದರೆ ಅರ್ಥವಾಗದ್ದು ಎಂದು ಹಿಂಜರಿಯುವವರನ್ನು ಕಾವ್ಯದ ಕಡೆ ಕರೆತಂದ ಪ್ರಕಾರ ಈ ಜಿಲ್ಲೆಯಲ್ಲಿ ಯಾವುದಾದರೂ ಇದ್ದರೆ ಅದು ಚುಟುಕ. ಬಂಕಿಕೊಡ್ಲದ ಹೈಸ್ಕೂಲಿನಲ್ಲಿ ದಶಕಗಳ ಕಾಲ ಪಾಠ ಹೇಳಿದ ಸು.ರಂ. ಎಕ್ಕುಂಡಿಯವರ ಕಥನಕವನಗಳು ಅದರ ಮುಂದಿನ ಮೆಟ್ಟಿಲು. ಕತೆಯ ಕೈ ಹಿಡಿದು ಕವಿತೆಯೊಳಗೆ ಹೋಗುವ ಹದಿಹರೆಯದ ಓದುಗರಿಗೆ ಇಂದಿಗೂ ಅವು ತಕ್ಕವು.

ಇನ್ನೊಂದು ದಾರಿ ಮುಂಬಯಿಯದು. ಕುಮಟಾ ತಾಲ್ಲೂಕಿನ ಹನೇಹಳ್ಳಿಯಲ್ಲಿ 1928ರಲ್ಲಿ ಹುಟ್ಟಿದ ಯಶವಂತ ಚಿತ್ತಾಲರು ಮುಂಬಯಿಯ ರಸಾಯನ ಉದ್ಯಮದಲ್ಲಿ ದುಡಿಯುತ್ತಲೇ ಹನೇಹಳ್ಳಿಯನ್ನು ಬರೆದರು. ‘ಕತೆಯಾದಳು ಹುಡುಗಿ’ ಸಂಕಲನಕ್ಕೆ 1983ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1979ರ ‘ಶಿಕಾರಿ’ಯ ನಾಗಪ್ಪ ಮುಂಬಯಿಯ ಕಂಪನಿಯೊಂದರಲ್ಲಿ ಬೇಟೆಗೆ ಸಿಕ್ಕವನು, ಅವನ ಭಯಗಳ ಬೇರು ಇರುವುದು ಹುಟ್ಟೂರಿನಲ್ಲಿ. ಸ್ಥಳೀಯರಿಗೆ ಚಿತ್ತಾಲರ ಓದು ಸಲೀಸು ಎಂದು ಹೊರಗಿನವರಿಗೆ ಅನ್ನಿಸಬಹುದು. ಊರು, ಕೇರಿ, ಹೊಳೆಯ ಹೆಸರುಗಳೆಲ್ಲ ಪರಿಚಿತ ನಿಜ. ಆದರೆ ಪರಿಚಿತ ಜಾಗದಲ್ಲೇ ಅಪರಿಚಿತ ತಳಮಳ ಕಾಣಿಸಿಕೊಂಡಾಗ ಓದು ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಹೋಗುತ್ತದೆ. ‘ಶಿಕಾರಿ’ಯನ್ನು ಅರ್ಧಕ್ಕೆ ಬಿಟ್ಟು, ವಯಸ್ಸು ಮಾಗಿದ ಮೇಲೆ ಮತ್ತೆ ಕೈಗೆತ್ತಿಕೊಂಡು ಒಂದೇ ಉಸಿರಿಗೆ ಮುಗಿಸುವ ಓದುಗರಿರುವುದು ಸಹಜ. ಪುಸ್ತಕ ಬದಲಾಗಿರುವುದಿಲ್ಲ. ನೌಕರಿ, ಕಚೇರಿಯ ಒಳಸಂಚು, ಪರವೂರಿನ ಒಂಟಿತನ ಇವುಗಳ ಪರಿಚಯ ನಡುವೆ ಆಗಿರುತ್ತದೆ.

ಪಕ್ಕದ ಗೋಕರ್ಣದಲ್ಲಿ ಗೌರೀಶ ಕಾಯ್ಕಿಣಿಯವರು (1912–2002) ಶಿಕ್ಷಕರಾಗಿದ್ದುಕೊಂಡು ಮರಾಠಿ, ಇಂಗ್ಲಿಷ್, ಸಂಸ್ಕೃತಗಳಲ್ಲಿ ಓದಿದ್ದನ್ನು ಕನ್ನಡದ ಪತ್ರಿಕೆಗಳಿಗೆ ಬರೆಯುತ್ತಲೇ ಇದ್ದರು. ತತ್ತ್ವಶಾಸ್ತ್ರ, ಎಂ.ಎನ್. ರಾಯ್ ಅವರ ಮಾನವತಾವಾದ, ನಾಟಕ, ಕಾವ್ಯಮೀಮಾಂಸೆ – ಅವರ ಓದಿಗೆ ಬೇಲಿ ಇರಲಿಲ್ಲ. ದೊಡ್ಡ ಗ್ರಂಥಾಲಯವಿಲ್ಲದ ತೀರ್ಥಕ್ಷೇತ್ರವೊಂದರಲ್ಲಿ ಕೂತು ಒಬ್ಬ ಮನುಷ್ಯ ಎಷ್ಟು ದೂರ ಓದಬಹುದು ಎಂಬುದಕ್ಕೆ ಅವರ ಬದುಕೇ ಸಾಕ್ಷಿ. ಅವರ ಮಗ ಜಯಂತ ಕಾಯ್ಕಿಣಿಯವರ ಮುಂಬಯಿ ಕತೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ ದಕ್ಷಿಣ ಏಷ್ಯಾ ಸಾಹಿತ್ಯದ ಡಿಎಸ್‌ಸಿ ಪ್ರಶಸ್ತಿ ಪಡೆದವು. 2006ರ ‘ಮುಂಗಾರು ಮಳೆ’ಯ ಹಾಡುಗಳಿಂದ ಅವರ ಹೆಸರು ಕೇಳಿ, ಆಮೇಲೆ ಕತೆಗಳಿಗೆ ಬಂದ ಯುವ ಓದುಗರ ಒಂದು ತಲೆಮಾರೇ ಇದೆ. ಸಿನಿಮಾ ಹಾಡಿನಿಂದ ಸಣ್ಣಕತೆಗೆ ಬರುವುದೂ ಗೌರವದ ದಾರಿಯೇ.

ಈ ಎಲ್ಲ ಹೆಸರುಗಳ ನಡುವೆ ಮರೆಯಬಾರದ ಇನ್ನೊಂದು ಕಪಾಟಿದೆ. ಗ್ರಂಥಾಲಯಗಳಲ್ಲಿ ಮೈ ಸವೆದು, ರಟ್ಟು ಹರಿದು, ಮತ್ತೆ ಮತ್ತೆ ಹೊಲಿಗೆ ಹಾಕಿಸಿಕೊಂಡ ಪುಸ್ತಕಗಳು ಅಲ್ಲಿವೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ, ಟಿ.ಕೆ. ರಾಮರಾವ್ ಅವರ ರೋಚಕ ಕಾದಂಬರಿಗಳು, ಯಂಡಮೂರಿಯವರ ತೆಲುಗಿನಿಂದ ಬಂದ ‘ತುಳಸಿದಳ’, ಸಾಯಿಸುತೆ, ಉಷಾ ನವರತ್ನರಾಮ್, ಎಚ್.ಜಿ. ರಾಧಾದೇವಿಯವರ ಸಂಸಾರದ ಕತೆಗಳು. ಇವನ್ನು ಓದಿದ್ದೇವೆಂದು ಹೇಳಿಕೊಳ್ಳಲು ಅನೇಕರಿಗೆ ಸಂಕೋಚ. ಆ ಸಂಕೋಚ ಬೇಕಿಲ್ಲ. ವೇಗವಾಗಿ ಓದುವ ಅಭ್ಯಾಸ, ದಪ್ಪ ಪುಸ್ತಕಕ್ಕೆ ಹೆದರದ ಧೈರ್ಯ, ಸುಳಿವನ್ನು ನೆನಪಿಟ್ಟುಕೊಳ್ಳುವ ಎಚ್ಚರ ಬರುವುದು ಇಂಥ ಪುಸ್ತಕಗಳಿಂದ. ಮಧ್ಯಾಹ್ನದ ಊಟದ ಪಾತ್ರೆ ತೊಳೆದಿಟ್ಟು ಸಂಜೆಯ ಚಹಾದವರೆಗಿನ ಬಿಡುವಿನಲ್ಲಿ ಹೆಂಗಸರು ಓದಿದ ಕಾದಂಬರಿಗಳು ಒಂದು ಮನೆಯಿಂದ ಇನ್ನೊಂದಕ್ಕೆ ಸೆರಗಿನ ಮರೆಯಲ್ಲಿ ಸಾಗಿದವು. ಅವುಗಳಲ್ಲಿ ತ್ರಿವೇಣಿಯವರ ‘ಶರಪಂಜರ’ವೂ ಇತ್ತು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಂಗಸು, ಗುಣವಾಗಿ ಬಂದ ಮೇಲೂ ಅವಳನ್ನು ಒಪ್ಪದ ಮನೆ – ವೈದ್ಯರು ಕೂಡ ಬಿಡಿಸಿ ಹೇಳದ ಸಂಗತಿಯನ್ನು ಜನಪ್ರಿಯ ಕಾದಂಬರಿಯೊಂದು ಅಡುಗೆಮನೆಯವರೆಗೆ ತಲುಪಿಸಿತು. 1971ರಲ್ಲಿ ಪುಟ್ಟಣ್ಣ ಕಣಗಾಲರು ಅದನ್ನು ಸಿನಿಮಾ ಮಾಡಿದರು.

ಗ್ರಂಥಾಲಯದ ವರ್ಗೀಕರಣ ಈ ವಿಷಯದಲ್ಲಿ ಓದುಗರಿಗಿಂತ ಉದಾರಿ. ಡ್ಯೂಯಿ ದಶಮಾಂಶ ಪದ್ಧತಿಯಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಅದರ ಮುಂದೆ 1 ಸೇರಿದರೆ ಕಾವ್ಯ, 2 ಸೇರಿದರೆ ನಾಟಕ, 3 ಸೇರಿದರೆ ಕತೆ–ಕಾದಂಬರಿ. ‘ಶಿಕಾರಿ’ಯ ಬೆನ್ನಿಗೂ ಪತ್ತೇದಾರ ಪುರುಷೋತ್ತಮನ ಬೆನ್ನಿಗೂ ಅಂಟುವುದು ಒಂದೇ 894.8143. ಉತ್ತಮ, ಸಾಧಾರಣ ಎಂಬ ಭೇದ ಆ ಚೀಟಿಗಿಲ್ಲ.

ಭಟ್ಕಳಕ್ಕೆ ಬಂದರೆ ಲಿಪಿಯೇ ಬದಲಾಗುತ್ತದೆ. ಅಂಜುಮನ್ ಹಾಮಿ–ಎ–ಮುಸ್ಲಿಮೀನ್ 1919ರಲ್ಲಿ, ಜಾಮಿಯಾ ಇಸ್ಲಾಮಿಯಾ 1962ರಲ್ಲಿ ಅಲ್ಲಿ ಸ್ಥಾಪನೆಯಾದ ಶಿಕ್ಷಣ ಸಂಸ್ಥೆಗಳು. ಮನೆಯಲ್ಲಿ ನವಾಯತಿ ಆಡುವ ಮಕ್ಕಳು ಶಾಲೆಯಲ್ಲಿ ಉರ್ದು, ಕನ್ನಡ, ಇಂಗ್ಲಿಷ್ ಕಲಿಯುತ್ತಾರೆ, ಕುರಾನಿಗಾಗಿ ಅರಬ್ಬಿ ಅಕ್ಷರ ಕೂಡಿಸುತ್ತಾರೆ. ಧಾರ್ಮಿಕ ಗ್ರಂಥ, ಸೀರತ್ ಅಂದರೆ ಪ್ರವಾದಿಯವರ ಜೀವನಚರಿತ್ರೆ, ಗಜಲ್ ಮತ್ತು ಪ್ರವಾದಿಯವರನ್ನು ಸ್ತುತಿಸುವ ನಾತ್ ಅಲ್ಲಿನ ಮೆಚ್ಚಿನ ಪ್ರಕಾರಗಳು. ನಾತ್ ಓದುವುದಕ್ಕಿಂತ ಹಾಡುವುದಕ್ಕೆ ಇರುವಂಥದು; ಪ್ರಸಂಗದ ಪದ್ಯದಂತೆ ಅದರ ಜೀವವೂ ದನಿಯಲ್ಲಿದೆ. ಹೊನ್ನಾವರದ ಕ್ರೈಸ್ತರ ಮನೆಗಳಿಗೆ ಮಂಗಳೂರಿನ ‘ರಾಕ್ಣೊ’ ವಾರಪತ್ರಿಕೆ ಬರುವುದು ಕೊಂಕಣಿ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ. 1938ರಿಂದ ನಡೆದು ಬಂದ ಪತ್ರಿಕೆ ಅದು. ಮೂರು ತಾಲ್ಲೂಕುಗಳ ಈ ಚಿಕ್ಕ ಪಟ್ಟಿಯಲ್ಲಿ ಒಬ್ಬರ ಮೆಚ್ಚಿನ ಪುಸ್ತಕ ಪಕ್ಕದ ಮನೆಯವರ ಕಣ್ಣಿಗೆ ಬೀಳದೆ ಹೋಗಬಹುದು. ಉರ್ದುವಿನಿಂದ ಕನ್ನಡಕ್ಕೆ, ಕನ್ನಡದಿಂದ ಉರ್ದುವಿಗೆ ಇಲ್ಲಿಯೇ ಕೂತು ಅನುವಾದಿಸುವವರು ಹೆಚ್ಚಬೇಕು. ಎರಡೂ ಬಲ್ಲವರು ಭಟ್ಕಳದಲ್ಲಿ ಧಾರಾಳವಾಗಿದ್ದಾರೆ.

ಸಾಹಿತ್ಯವೆಂದು ಕರೆಸಿಕೊಳ್ಳದ ಓದೂ ಈ ಕಡೆ ದೊಡ್ಡದು. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ಯನ್ನು ತೋಟದವರು ಜೋಪಾನ ಮಾಡಿಡುತ್ತಾರೆ. ರೈತನ ಕೈಗೆ ಲೇಖನಿ ಕೊಟ್ಟ ಪತ್ರಿಕೆ ಅದು. ಒಬ್ಬ ಬೆಳೆಗಾರನ ಅನುಭವ ಇನ್ನೊಬ್ಬನಿಗೆ ಪಾಠ. ಶಿರಸಿ ಸೀಮೆಯವರಾದ ನಾಗೇಶ ಹೆಗಡೆಯವರ ವಿಜ್ಞಾನ ಬರಹಗಳು, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಮತ್ತು ಕಾಡಿನ ಕತೆಗಳು ಅಣೆಕಟ್ಟು, ಅಣುಸ್ಥಾವರ, ಅಳಿವೆಗಳ ಚರ್ಚೆಯ ನಡುವೆ ಬೆಳೆದ ಜಿಲ್ಲೆಯಲ್ಲಿ ಬರೀ ಮನರಂಜನೆಯಾಗಿ ಉಳಿಯಲಿಲ್ಲ.

ಓದಿಗೆ ಇಲ್ಲಿ ಒಂದು ಋತುವೂ ಇದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಮೇಳಗಳು ಗೆಜ್ಜೆ ಬಿಚ್ಚಿರುತ್ತವೆ. ತಾಳಮದ್ದಳೆ, ಭಾರತ ವಾಚನ, ದಪ್ಪ ಕಾದಂಬರಿ ಎಲ್ಲಕ್ಕೂ ಇದೇ ಕಾಲ. ಆದರೆ ಪುಸ್ತಕಕ್ಕೆ ಕೆಟ್ಟ ಕಾಲವೂ ಇದೇ. ಗಾಳಿಯ ತೇವ ಕಾಗದಕ್ಕೆ ಇಳಿದು ರಟ್ಟಿನ ಮೇಲೆ ಬೂಷ್ಟು ಹಿಡಿಯುತ್ತದೆ, ಅಂಟು ಸಡಿಲಿ ಹಾಳೆ ಕಳಚುತ್ತದೆ, ಮಣ್ಣಿನ ಗೋಡೆಗೆ ತಾಗಿದ ಕಪಾಟಿಗೆ ಒರಲೆ ಹತ್ತುತ್ತದೆ. ಮಳೆ ಬಿಟ್ಟ ಮೇಲೆ ಪುಸ್ತಕಗಳನ್ನು ಚಾವಡಿಯಲ್ಲಿ ಬಿಡಿಸಿ ಬಿಸಿಲು ತೋರಿಸಿ ಒಳಗಿಡಬೇಕು. ಆ ಹೊತ್ತಿನಲ್ಲೇ ಯಾವುದು ಉಳಿಯಬೇಕು, ಯಾವುದನ್ನು ಕೊಟ್ಟುಬಿಡಬಹುದು ಎಂಬ ತೀರ್ಮಾನವೂ ಆಗುತ್ತದೆ. ಒಂದು ಮನೆಯ ಅಭಿರುಚಿ ತಿಳಿಯಬೇಕಾದರೆ ಕೊಂಡ ಪುಸ್ತಕಗಳಿಗಿಂತ ಹೀಗೆ ಉಳಿಸಿಕೊಂಡವನ್ನು ನೋಡಬೇಕು.

ರಾಜ್ಯದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ 1965ರದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಮರುವರ್ಷ ಮಕ್ಕಳಿಗಾಗಿ ‘ಓದುವ ಬೆಳಕು’ ಕಾರ್ಯಕ್ರಮ ಶುರುವಾಯಿತು. ಈಗ ಅವು ಅರಿವು ಕೇಂದ್ರಗಳು. ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿಗೆ ಅಲ್ಲಿ ಬೇಡಿಕೆ ಹೆಚ್ಚು, ಅದು ತಪ್ಪೂ ಅಲ್ಲ. ಅವುಗಳ ಪಕ್ಕದಲ್ಲಿ ಆಯಾ ಊರಿನ ಬರಹಗಾರರ ಒಂದು ಅಡ್ಡಹಲಗೆಯಾದರೂ ಇದ್ದರೆ ಹೊಳನಗದ್ದೆಯ ಹುಡುಗಿಗೆ ಚಿತ್ತಾಲರು ಪಠ್ಯಪುಸ್ತಕಕ್ಕೆ ಮೊದಲೇ ಸಿಗುತ್ತಾರೆ. ಫೋನಿನಲ್ಲಿ ಓದುವವರೂ ಹೆಚ್ಚಿದ್ದಾರೆ. 2014ರಲ್ಲಿ ಆರಂಭವಾದ ಪ್ರತಿಲಿಪಿಯಂಥ ತಾಣಗಳಲ್ಲಿ ಧಾರಾವಾಹಿ ಕಾದಂಬರಿ ಮರಳಿ ಬಂದಿದೆ; ವಾರಪತ್ರಿಕೆಗಳ ಕಾಲದ ಆ ಕಾಯುವಿಕೆ ಈಗ ದಿನಕ್ಕೊಂದು ಕಂತಿನ ಲೆಕ್ಕದಲ್ಲಿದೆ. ಅಚ್ಚು ಮುಗಿದು ಸಿಗದಾಗಿದ್ದ ಹಳೆಯ ಪ್ರಸಂಗಗಳನ್ನು ಯಕ್ಷಗಾನದ ಅಭಿಮಾನಿಗಳು ಹುಡುಕಿ, ಡಿಜಿಟಲ್ ರೂಪಕ್ಕೆ ತಂದು ಉಚಿತವಾಗಿ ಹಂಚುತ್ತಿದ್ದಾರೆ. ತಾಳಮದ್ದಳೆಗೆ ಹೊರಟ ಅರ್ಥಧಾರಿ ಬಸ್ಸಿನಲ್ಲೇ ಪದ್ಯಗಳ ಮೇಲೆ ಕಣ್ಣಾಡಿಸುತ್ತಾನೆ. ಅರ್ಥ ಮಾತ್ರ ಅದರಲ್ಲೂ ಅಚ್ಚಾಗಿಲ್ಲ, ಅದಕ್ಕೆ ಆತ ಮೊದಲಿನಂತೆ ಕುಮಾರವ್ಯಾಸನನ್ನೂ ‘ಪರ್ವ’ವನ್ನೂ ಓದಿಕೊಂಡೇ ಹೋಗಬೇಕು.